ತಂಗಮಣಿಯನ್ನು ಬದುಕಿಸಿದ ಅಂಬು

ಧರ್ಮಡಂನ ವಾಚನಾಲಯದಲ್ಲಿ ಅಂದು ಮಾತಾಡಲು ಬಂದವಳು ರೋಹಿಣಿ. ಕೇರಳವೆಲ್ಲ ಓದುವ ಕಾದಂಬರಿಕಾರ್ತಿ. ಒಂದು ಕಾಲಕ್ಕೆ ಇದೇ ಊರಿನ ಬೀಡಿ ಕೊಟ್ಟಿಗೆಯಲ್ಲಿ ಅಂಬುವಿನ ಎದುರು ಕೂತು ಬೀಡಿ ಸುತ್ತಿದವಳು. ಎಪ್ಪತ್ತು ದಾಟಿದ ಅಂಬುವಿಗೆ ಭಾಷಣವೆಂದರೆ ಆಗದು. ನೆರೆಮನೆಯ ನಾರಾಯಣಿ ಬಿಡಲಿಲ್ಲ. ಅವಳೂ ಅದೇ ಕೊಟ್ಟಿಗೆಯವಳು; ಅಲ್ಲಿಯ ಹೆಂಗಸರಿಗೆಲ್ಲ ಅವನು ಏಟ್ಟ, ಅಂದರೆ ಅಣ್ಣ.

"ಏಳಿ ಅಂಬುವೇಟ್ಟಾ, ಒಗೆದ ಮುಂಡು ಉಟ್ಕೊಳ್ಳಿ. ಊರಿಗೆಲ್ಲ ಓದಿ ಹೇಳ್ದೋರು, ಈಗೊಂದಿನ ಕೇಳಿ."

ಆ ಮಾತು ಸುಳ್ಳಲ್ಲ. ಆಗೆಲ್ಲ ಕೊಟ್ಟಿಗೆಯಲ್ಲಿ ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಕೇಳುತ್ತ ಸುತ್ತುವುದು. ಓದುವವನ ಕೂಲಿ ಹೋಗಬಾರದೆಂದು ಎಲ್ಲರೂ ತಮ್ಮ ಪಾಲಿನಿಂದ ಒಂದಿಷ್ಟು ಬೀಡಿ ಅವನ ಮೊರಕ್ಕೆ ಹಾಕುತ್ತಿದ್ದರು. ಅಂಬುವಿನ ಗಂಟಲು ಒಳ್ಳೆಯದಿತ್ತು, ಕೆಲಸ ಅವನಿಗೇ ಬಿತ್ತು. ಬೆಳಿಗ್ಗೆ ಪೇಪರು, ಗಂಜಿ ಕುಡಿದ ಮೇಲೆ ಕಾದಂಬರಿ. ಕಥೆಯ ದುಷ್ಟನಿಗೆ ಹೆಂಗಸರು ಹೊಗೆಸೊಪ್ಪಿನ ಕೈಯಲ್ಲೇ ಶಾಪ ಹಾಕುತ್ತಿದ್ದರು.

ಸಭೆಯಲ್ಲಿ ಕಾಲೇಜಿನ ಮೇಷ್ಟ್ರೊಬ್ಬರು ಎದ್ದು, ನಿಮ್ಮ ಮೇಲೆ ಯಾವ ಲೇಖಕರ ಪ್ರಭಾವ ಹೆಚ್ಚು ಎಂದು ಕೇಳಿದರು. ರೋಹಿಣಿ ಹಿಂದಿನ ಬೆಂಚಿನಲ್ಲಿ ನಾರಾಯಣಿಯ ಜೊತೆ ಕೂತಿದ್ದ ಅಂಬುವಿನತ್ತ ನೋಡಿದಳು.

"ಅವರು ಒಂದು ಪುಟಾನೂ ಬರೆದಿಲ್ಲ," ಅಂದಳು. "ನಮ್ಮಕ್ಕ ಹೆರಿಗೇಲಿ ತೀರ್ಕೊಂಡಿದ್ಳು. ಸೂತಕ ಕಳೆದು ನಾನು ಕೆಲಸಕ್ಕೆ ಬಂದೆ. ಅವತ್ತು ಓದ್ತಿದ್ದ ಕಥೇಲಿ ತಂಗಮಣಿ ಅನ್ನೋಳಿಗೂ ಹೆರಿಗೆ ನೋವು. ನಾನು ಕತ್ತರಿ ಕೆಳಗಿಟ್ಟು ತಲೆ ತಗ್ಗಿಸಿ ಕೂತೆ. ಅಂಬುವೇಟ್ಟ ಎಲ್ಲೂ ತಡವರಿಸಲಿಲ್ಲ. ತಾಯಿ ಉಳಿದಳು, ಮಗು ಉಳಿಯಿತು ಅಂತ ಓದಿದ್ರು. ಆಮೇಲೆ ಪುಸ್ತಕ ತಗೊಂಡು ನೋಡ್ದೆ. ಅದರಲ್ಲಿ ತಂಗಮಣಿ ಸತ್ತಿದ್ಳು."

ಎಲ್ಲರೂ ತಿರುಗಿ ನೋಡಿದರು. ಅಂಬು ಕನ್ನಡಕ ತೆಗೆದು ಮುಂಡಿನ ಅಂಚಿನಲ್ಲಿ ಒರೆಸತೊಡಗಿದ.

ನಾರಾಯಣಿ ಅವನ ತೋಳು ತಿವಿದಳು. "ಸತ್ತಿದ್ಳಾ? ಬದುಕಿ ಬಾಳಿದ ಹೆಸರು ಅಂತ ನಾನು ಮಗಳಿಗೆ ಅದನ್ನೇ ಇಟ್ಟಿದ್ದೀನಲ್ಲ ಮಾರಾಯ್ರೇ."

"ನಿನ್ನ ಮಗಳಿಗೇನಾಗಿದೆ ಈಗ? ಚೆನ್ನಾಗೇ ಇದ್ದಾಳಲ್ಲ," ಎಂದ ಅಂಬು ಮೆಲ್ಲಗೆ.

ಸಭೆ ಮುಗಿದ ಮೇಲೆ ರೋಹಿಣಿ ಅವನ ಪಕ್ಕದ ಬೆಂಚಿಗೇ ಬಂದು ಕೂತಳು. ಯಾರೋ ಹಾಲಿಲ್ಲದ ಕಟ್ಟನ್ ಚಹಾ ತಂದುಕೊಟ್ಟರು.

"ಪುಸ್ತಕ ನೋಡಿ ಬೇಜಾರಾಯ್ತೇನೇ?" ಎಂದು ಅವನು ಕೇಳಿದ.

"ಮೊದಲು ಸಿಟ್ಟು ಬಂತು. ನನಗೆ ಮಗೂಗೆ ಮಾಡೋ ಥರ ಮೋಸ ಮಾಡಿದ್ರಲ್ಲ ಅಂತ. ಆಮೇಲೆ ಕೂತ್ಕೊಂಡು, ಅಕ್ಕ ಮಗು ಎತ್ಕೊಂಡು ಆಸ್ಪತ್ರೆಯಿಂದ ಮನೆಗೆ ಬರೋದನ್ನ ಬರೆದೆ. ನಾನು ಬರೆದಿದ್ದರಲ್ಲಿ ಅದೇ ಮೊದಲು. ಯಾರಿಗೂ ತೋರಿಸಿಲ್ಲ."

ಆ ಮಧ್ಯಾಹ್ನ ತಾನು ಏನೇನು ಹೇಳಿದೆನೋ ಅಂಬುವಿಗೆ ಪೂರ್ತಿ ನೆನಪಿರಲಿಲ್ಲ. ನೆನಪಿದ್ದುದು ಒಂದೇ: ಕಣ್ಣು ಅಚ್ಚಿನ ಸಾಲಿನ ಮೇಲಿತ್ತು, ಬಾಯಿ ಬೇರೆಯದನ್ನು ಆಡುತ್ತಿತ್ತು.

"ಅದನ್ನ ಓದಿ ಹೇಳೇ ಒಂದ್ಸಲ," ಅಂದ. "ನಂಗೆ ಈಗ ಸಣ್ಣ ಅಕ್ಷರ ಕಾಣಲ್ಲ."

"ಬಾಯಲ್ಲೇ ಹೇಳ್ತೀನಿ, ಇರಿ," ಎಂದು ರೋಹಿಣಿ ಲೋಟ ಕೆಳಗಿಟ್ಟಳು. ನಾರಾಯಣಿ ಮನೆಗೆ ಹೊರಟವಳು ತಿರುಗಿ ಬಂದು ಅವರ ಎದುರು ನೆಲದ ಮೇಲೆಯೇ ಕಾಲು ಮಡಚಿ ಕೂತಳು.