ಮಲ್ಲಪ್ಪ ಕಾಕಾನ ಜೀಪಿನಲ್ಲಿ ಬಬಲೇಶ್ವರಕ್ಕೆ

ರವಿವಾರ ಬೆಳಿಗ್ಗೆ ಏಳೂವರೆಗೆ ವಿಜಯಪುರದ ಅಥಣಿ ರಸ್ತೆಯ ನಮ್ಮ ಮನೆಯಿಂದ ಜೀಪನ್ನು ಹೊರಗೆ ತೆಗೆದೆ. ಒಂಬತ್ತು ತಿಂಗಳು ಅದು ನಮ್ಮ ಅಂಗಳದಲ್ಲಿ ನಾಲ್ಕು ಕಲ್ಲಿನ ಮೇಲೆ ನಿಂತಿತ್ತು. ಎದುರು ಮನೆಯ ಯಜಮಾನರು ಹಲ್ಲುಜ್ಜುತ್ತಲೇ ಗೇಟಿನ ತನಕ ಬಂದು, "ಅಕ್ಕೋರ, ನೂಕಾಕ ಮಂದಿ ಬೇಕಾದ್ರ ಫೋನ್ ಹಚ್ಚರಿ, ನಾವು ಬಸ್ ಹತ್ತಿ ಬರ್ತೀವಿ" ಎಂದರು. ನಕ್ಕು ಗೇರು ಹಾಕಿದೆ. ಮಾಘ ಮುಗಿಯುತ್ತ ಬಂದಿತ್ತು. ಬೆಳಗಿನ ಗಾಳಿ ತಣ್ಣಗಿದ್ದರೂ ಬಿಸಿಲು ಆಗಲೇ ಮುಖಕ್ಕೆ ಹೊಡೆಯುತ್ತಿತ್ತು.

ಈ ಜೀಪು ನನಗಿಂತ ಎರಡು ವರ್ಷ ದೊಡ್ಡದು. ನಮ್ಮೂರು ಘೋಣಸಗಿಯ ಮಲ್ಲಪ್ಪ ಕಾಕಾ ಇದನ್ನು ಊರಿಗೂ ತಿಕೋಟಾಕ್ಕೂ ಓಡಿಸುತ್ತಿದ್ದರು. ಎಂಟನೆಯ ತರಗತಿಯಿಂದ ಐದು ವರ್ಷ ನಾನು ಇದರಲ್ಲೇ ಕುಳಿತು ಓದಲು ಹೋದೆ. ನಮ್ಮ ಮನೆತನದಲ್ಲಿ ಪದವಿ ಮುಗಿಸಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಅಷ್ಟು ಬೆವರು ಅದಕ್ಕೆ ಹೋಗಿದೆ. ಊರಿಗೆ ಬಸ್ಸು ಹೆಚ್ಚಾದ ಮೇಲೆ ಜೀಪು ಕಾಕಾನ ಕೊಟ್ಟಿಗೆಯ ಪಕ್ಕ ನಿಂತುಬಿಟ್ಟಿತು. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಡುತ್ತಿದ್ದವು. ನಾನು ಕೇಳಿದಾಗ ಕಾಕಾ, "ತುಕ್ಕ ಒಯ್ದು ಏನ್ ಮಾಡ್ತೀಯವ್ವಾ? ಬೇಕಾದ್ರ ಒಯ್ಯಿ" ಎಂದಿದ್ದರು. ಆ ಮೇಲೆ ಅವರು ಜೀಪಿನ ಮಾತೇ ಎತ್ತಲಿಲ್ಲ.

ರಿಪೇರಿಗೆ ಜೋರಾಪುರ ಪೇಟೆಯಿಂದ ತಗಡಿನ ಕೆಲಸದ ಈರಪ್ಪ ಬಿಡುವಾದಾಗ ಬರುತ್ತಿದ್ದ. ಕತ್ತರಿಸುವುದು, ಬೆಸೆಯುವುದು ಅವನದು. ತಂತಿಯ ಬ್ರಷ್ಷಿನಿಂದ ತುಕ್ಕು ತಿಕ್ಕುವುದು, ಸೀಮೆಎಣ್ಣೆಯಲ್ಲಿ ಬೋಲ್ಟು ನೆನೆಹಾಕುವುದು, ಕೆಂಪು ಬಣ್ಣದ ಮೊದಲ ಕೋಟು ಹಚ್ಚುವುದು ನನ್ನದು. ಕಾಲಿಡುವ ಕಡೆ ನೆಲ ಕಾಣುತ್ತಿತ್ತು. ಆ ತಗಡು ಪೂರ್ತಿ ಹೊಸದು ಹಾಕಿದೆವು. ಈರಪ್ಪನ ಮೊಬೈಲಿನಲ್ಲಿ ಈ ಗಾಡಿ ಕಂಪನಿಯಿಂದ ಬಂದಾಗ ಹೇಗಿತ್ತು ಎಂಬ ಹಳೆಯ ಚಿತ್ರವಿತ್ತು. ಅದನ್ನು ನೋಡಿದಾಗಿನಿಂದ ನನಗೆ ಒಂದೇ ಹಟ: ಕಂಪನಿ ಹಾಕದ್ದು ಒಂದೂ ಇರಬಾರದು. ಮೇಲಿನ ಕಬ್ಬಿಣದ ಜಾಳಿಗೆ ಹೋಯಿತು, ಮೂರು ಹಾರ್ನಿನಲ್ಲಿ ಎರಡು ಹೋದವು. ಹಿಂದೆ, ಹತ್ತುವ ಕಡೆ, ತುಕ್ಕು ತಿಂದ ಒಂದು ಡೊಂಕು ಪಟ್ಟಿ ನೇತಾಡುತ್ತಿತ್ತು.

"ಇದೇನ್ರಿ ಅಕ್ಕೋರ?" ಎಂದು ಈರಪ್ಪ ಕೇಳಿದ.

"ಹೆಚ್ಚಿನ ಮಂದಿ ತುಂಬಾಕ ಹಾಕ್ಸಿದ್ದಿರಬೇಕು. ತಗಿ" ಎಂದೆ.

ತೆಗೆದ. ಮರುವಾರ ಗುಜರಿಯ ಕೈಗಾಡಿಯಲ್ಲಿ ಅದೂ ಹೋಯಿತು.

ಈ ಪ್ರವಾಸಕ್ಕೆ ಒಂದು ಕಾರಣವಿತ್ತು. ಬಬಲೇಶ್ವರದ ಒಂದು ಪ್ರೌಢಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿ ನಾನು ಮರುದಿನ ಹಾಜರಾಗಬೇಕಿತ್ತು. ಸುದ್ದಿ ಕೇಳಿ ಅವ್ವ ಒಂದೇ ಮಾತು ಅಂದಿದ್ದಳು: "ನಿನ್ನ ಸಾಲಿ ನಂಗ ಒಮ್ಮೆ ತೋರಸ." ನೋಡುವುದಾದರೆ ಅವ್ವ ಇದೇ ಜೀಪಿನಲ್ಲಿ ಹೋಗಿ ನೋಡಬೇಕು, ಸ್ಟೇರಿಂಗ್ ಹಿಡಿದು ಕಾಕಾನೇ ಕೂಡಬೇಕು ಎಂದು ನಾನು ನಿರ್ಧರಿಸಿದ್ದೆ.

ತಿಕೋಟಾ ಸುಮಾರು ಇಪ್ಪತ್ತು ಕಿಲೋಮೀಟರು. ವೇಗ ತೋರಿಸುವ ಮುಳ್ಳು ಇನ್ನೂ ಸತ್ತೇ ಇದೆ, ಆದರೆ ನಲವತ್ತು ದಾಟಿರಲಿಕ್ಕಿಲ್ಲ. ಎತ್ತಿನಗಾಡಿಯೊಂದನ್ನು ಬಿಟ್ಟರೆ ನಾನು ಯಾರನ್ನೂ ಹಿಂದೆ ಹಾಕಲಿಲ್ಲ. ತಿಕೋಟಾದಲ್ಲಿ ಚಹಾ ಕುಡಿದು ಬಿಸಿ ಮಿರ್ಚಿ ಭಜಿ ತಿಂದು ಹೊರಗೆ ಬಂದರೆ, ಧೋತರ ಉಟ್ಟ ಮುದುಕರೊಬ್ಬರು ತಮ್ಮ ಚೀಲವನ್ನು ಜೀಪಿನೊಳಗೆ ಒಗೆದು ತಾವೂ ಹತ್ತಲು ಹೆಣಗುತ್ತಿದ್ದರು.

"ಘೋಣಸಗಿ ಗಾಡಿ ಹೌದಿಲ್ಲೊ?"

"ಹೌದ್ರಿ ಯಜ್ಜಾ. ಹೆಂಗ ಗುರ್ತ ಹಿಡದ್ರಿ?"

"ಬಣ್ಣ ಬಳದ್ರ ಮಾರಿ ಬದಲಾಗತೈತೇನು? ಆದ್ರ ಮೊದಲ ಹತ್ತಾಕ ಸಲೀಸಿತ್ತವಾ" ಎಂದು ಅವರು ನನ್ನ ಭುಜ ಹಿಡಿದೇ ಮೇಲೇರಿದರು. ವಯಸ್ಸಿನ ಮಾತೆಂದು ನಾನು ಅದನ್ನು ಅಲ್ಲಿಗೇ ಬಿಟ್ಟೆ.

ಮುಂದೆ ಎರಡೂ ಕಡೆ ದ್ರಾಕ್ಷಿ ಬಳ್ಳಿ, ಹಸಿರು ಬಲೆ ಕಟ್ಟಿದ ಒಣದ್ರಾಕ್ಷಿಯ ಶೆಡ್ಡುಗಳು, ನಡುನಡುವೆ ಕೊಯ್ಲಿಗೆ ಬಂದ ಬಿಳಿಜೋಳ. ಮುದುಕರನ್ನು ಘೋಣಸಗಿಯ ಅಗಸಿ ಬಾಗಿಲಲ್ಲಿ ಇಳಿಸಿ, ನನ್ನ ತಮ್ಮನ ಮನೆಯ ಮುಂದೆ ಜೀಪು ನಿಲ್ಲಿಸಿದಾಗ ಹತ್ತಾಗಿರಲಿಲ್ಲ. ಅವ್ವ ಇರುವುದು ಅಲ್ಲಿಯೇ. ಮಲ್ಲಪ್ಪ ಕಾಕಾ ಆಗಲೇ ಬಂದು ಕಟ್ಟೆಯ ಮೇಲೆ ಕೂತಿದ್ದರು. ಎದ್ದು ಜೀಪಿನ ಸುತ್ತ ಒಂದು ಸುತ್ತು ಬಂದರು. ಬಾನೆಟ್ಟಿನ ಮೇಲೆ ಅಂಗೈ ಇಟ್ಟರು.

"ನಾ ತಗೊಂಡಾಗೂ ಇಷ್ಟ ಚಂದಿರಲಿಲ್ಲ ಬಿಡವ್ವಾ."

ಅಷ್ಟರಲ್ಲಿ ಇಳಕಲ್ಲ ಸೀರೆಯ ಸೆರಗು ತಲೆ ಮೇಲೆ ಹೊತ್ತು, ರೊಟ್ಟಿಯ ಗಂಟು ಹಿಡಿದು ಅವ್ವ ಬಂದಳು. ನೇರ ಜೀಪಿನ ಹಿಂದಕ್ಕೆ ಹೋದಳು. ಎಡಗೈಯಿಂದ ಸರಳು ಹಿಡಿದಳು. ಕೆಳಗೆ ನೋಡದೆಯೇ ಬಲಗಾಲು ಎತ್ತಿ ಇಟ್ಟಳು. ಅಲ್ಲಿ ಏನೂ ಇರಲಿಲ್ಲ. ಮುಗ್ಗರಿಸಿದ ಅವ್ವನ ತೋಳನ್ನು ಕಾಕಾ ಹಿಡಿಯದಿದ್ದರೆ ಬೀಳುತ್ತಿದ್ದಳು.

"ಪಾವಟಿಗಿ ಎಲ್ಲಿ ಐತಿ?" ಎಂದರು ಕಾಕಾ.

ನಾನು ಈರಪ್ಪನಿಂದ ತೆಗೆಸಿದ ಡೊಂಕು ಪಟ್ಟಿಯೇ ಆ ಮೆಟ್ಟಿಲು. ತಮ್ಮ ಒಳಗೆ ಓಡಿ ಸ್ಟೂಲು ತಂದ.

"ಇಲ್ಲೇನೋ ಸ್ಟೂಲ್ ಇಡ್ತಿ. ಅಲ್ಲಿ ಸಾಲಿ ಮುಂದೂ ಸ್ಟೂಲ್ ಹಾಕ್ಸಿಕೊಂಡ ಇಳೀಲೇನು?" ಎಂದಳು ಅವ್ವ.

"ನಾನs ಎತ್ತಿ ಕುಂಡ್ರಸ್ತೇನಿ ಬೇ" ಎಂದ ತಮ್ಮ.

"ಎತ್ತಿ ಒಗ್ಯಾಕ ನಾ ಏನ್ ಜ್ವಾಳದ ಚೀಲೇನಲೇ?"

ಮುಂದಿನ ಸೀಟೂ ಎತ್ತರವೇ. ಅವ್ವನ ಮೊಣಕಾಲು ಅಷ್ಟು ಮಡಚುವುದಿಲ್ಲ. ಅವಳು ರೊಟ್ಟಿಯ ಗಂಟನ್ನು ನನ್ನ ಕೈಗಿಟ್ಟು ಕಟ್ಟೆಯ ಮೇಲೆ ಕೂತಳು. "ನೀವ್ ಹೋಗಿ ಬರ್ರಿ. ನಾ ಯಾವಾಗರೆ ಬಂದೇನು."

ನಾನು ಒಂಬತ್ತು ತಿಂಗಳು ತುಕ್ಕು ತಿಕ್ಕಿದ ಜೀಪನ್ನು ಅವ್ವನಿಗೇ ಹತ್ತಲಾಗಲಿಲ್ಲ. "ಮಂದಿ ತುಂಬಾಕ ಹಾಕ್ಸೀರಿ ಅಂತ ತಿಳಕೊಂಡಿದ್ನಿ ಕಾಕಾ. ನಾನs ಕತ್ತರಿಸಿ ಒಗಿಸೇನಿ" ಎಂದೆ.

ಕಾಕಾಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

"ಮಂದಿ ತುಂಬಾಕ ಪಾವಟಿಗಿ ಯಾಕ ಬೇಕವ್ವಾ? ಅವರು ಬಸ್ಸಿನ ಮ್ಯಾಲೂ ಹತ್ತತಿದ್ರು. ನಿಮ್ಮಪ್ಪ ಏನಂದಿದ್ದ? ಹುಡುಗಿ ಜೋಡಿ ಅವ್ವ ಹೋದ್ರ ಸಾಲಿ, ಇಲ್ಲಾಂದ್ರ ಇಲ್ಲ. ಅದಕ್ಕs ಈಕಿ ತಿಕೋಟಾದಾಗ ಮಸರು ಮಾರತೇನಿ ಅಂತ ಹೊಂಟಳು. ಮೊಳಕಾಲ ಅವಾಗೂ ಹಿಂಗ. ಎರಡ ದಿನ ಹತ್ತಾಕ ಬಂದು, ಆಗದ ಹೊಳ್ಳಿ ಹೋದ್ಲು. ನಿನ್ನೂ ಕರಕೊಂಡ. ಮೂರನೇ ದಿನಾನೂ ಹಂಗs ಆಗಿದ್ರ ನಿನ್ನ ಸಾಲಿ ಮುಗೀತಿತ್ತು. ಅವತ್ತ ಸಂಜಿಕೆ ನಾ ಪಾವಟಿಗಿ ಬಡಿಸಿದ್ನಿ."

ನಾನು ಯಾವಾಗಲೂ ಮೊದಲು ಹತ್ತಿ ಮುಂದೆ ಹೋಗಿ ಮೊಸರಿನ ಗಡಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂಡುತ್ತಿದ್ದೆ. ಅವ್ವ ಹೇಗೆ ಹತ್ತುತ್ತಾಳೆಂದು ಐದು ವರ್ಷದಲ್ಲಿ ಒಮ್ಮೆಯೂ ಹಿಂತಿರುಗಿ ನೋಡಿರಲಿಲ್ಲ.

"ಆ ಪಟ್ಟಿ ಕುಂಟಿ ಕುಡ ಆಗಿತ್ತು, ಹೊಲಾ ಹರಗೂ ಕಬ್ಬಿಣದ ಅಲಗ" ಎಂದರು ಕಾಕಾ. "ಯಾರ ಕುಂಟಿದು ಗೊತ್ತೇನು? ನಿಮ್ಮಪ್ಪಂದು. ಬಾಯಿಲೆ ಬ್ಯಾಡ ಅಂದಾವ, ಕೈಲೆ ಕುಡ ಬಿಚ್ಚಿ ಕೊಟ್ಟ."

ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ನನ್ನ ಓದಿಗೆ ಅಡ್ಡ ನಿಂತವರೆಂದೇ ನಾನು ಅವರನ್ನು ನೆನೆಯುತ್ತಿದ್ದೆ. ಅಲ್ಲಿಯೇ ನಿಂತು ಅತ್ತುಬಿಟ್ಟೆ. ಅವ್ವ ತಮ್ಮನ ಕಡೆ ತಿರುಗಿದಳು. "ಒಗದ್ಲು, ಹೋತು. ಟ್ರ್ಯಾಕ್ಟರ್ ಬಂದ ಮ್ಯಾಲ ಇನ್ನೊಂದ ಕುಂಟಿ ಕೊಟ್ಟಿಗ್ಯಾಗ ಬಿದ್ದೈತಲ್ಲ? ಅದರ ಕುಡ ತಾ."

ಕುಡ ತೆಗೆದುಕೊಂಡು ಕಾಕಾ ಮತ್ತು ನಾನು ತಿಕೋಟಾಕ್ಕೆ ಹೊರಟೆವು. ಓಡಿಸಿದ್ದು ಕಾಕಾ. ಮಂದಿ ತುಂಬಿಸಿ ಓಡಿಸಿದ ರೂಢಿಯಿಂದ ಅರ್ಧ ಮೈ ಹೊರಗೆ ಹಾಕಿ ಕೂತಿದ್ದರು.

"ಒಳಗ ಸರದು ಕುಂಡ್ರರಿ ಕಾಕಾ. ಜಾಗಾ ಐತಲ್ಲ."

"ಐತಿ. ನಂಗ ಗೊತ್ತೈತಿ, ಮೈಗಿ ಗೊತ್ತಿಲ್ಲ."

ಬೆಸುಗೆ ಅಂಗಡಿಯವನು ಎತ್ತರ ಎಷ್ಟೆಂದು ಕೇಳಿದ. ನಾನು ಚೀಲದಿಂದ ಟೇಪು ತೆಗೆಯುವುದರೊಳಗೆ ಕಾಕಾ ನೆಲಕ್ಕೆ ಕೈಯೂರಿ ಅಳತೆ ತೋರಿಸಿದ್ದರು: ಒಂದು ಗೇಣು, ನಾಲ್ಕು ಬೆರಳು. "ಆಕಿ ಕಾಲು ಎಷ್ಟ ಏಳತೈತಿ ನಂಗ ಗೊತ್ತೈತಿ" ಎಂದರು. ಅರ್ಧ ಗಂಟೆಯ ಕೆಲಸ. ಬಣ್ಣ ಹಚ್ಚಲೇ ಎಂದು ಅವನು ಕೇಳಿದಾಗ, ಬಣ್ಣದ ಮೇಲೆ ಕಾಲು ಜಾರುತ್ತದೆ ಎಂದು ಕಾಕಾ ಬೇಡವೆಂದರು.

ಘೋಣಸಗಿಗೆ ಮರಳಿದಾಗ ಅವ್ವ ಅದೇ ಕಟ್ಟೆಯ ಮೇಲೆ ಕೂತಿದ್ದಳು. ಎದ್ದು ಬಂದು ಸರಳು ಹಿಡಿದು, ಈ ಸಲವೂ ಕೆಳಗೆ ನೋಡದೆ ಕಾಲಿಟ್ಟಳು. ಕಾಲಿಗೆ ಪಾವಟಿಗೆ ಸಿಕ್ಕಿತು. ಮೇಲೇರಿ ಕೂತು, "ಗಡಿಗಿ ಕೊಡು" ಎಂದಳು. ಒಂದು ಗಳಿಗೆ ನನಗೂ ಗಡಿಗೆ ಇದೆ ಅನ್ನಿಸಿತು. ಆಮೇಲೆ ತಾನೇ ನಕ್ಕು ರೊಟ್ಟಿಯ ಗಂಟು ಇಸಿದುಕೊಂಡಳು.

ಬಬಲೇಶ್ವರದ ಹಾದಿಯಲ್ಲಿ ಬೇವಿನ ಗಿಡದ ಕೆಳಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ತಿಂದೆವು. ಶಾಲೆ ಮುಟ್ಟಿದಾಗ ಮೂರು ಗಂಟೆ. ರವಿವಾರವಾದ್ದರಿಂದ ಗೇಟಿಗೆ ಬೀಗ. ಅವ್ವ ಯಾರ ಕೈಯನ್ನೂ ಹಿಡಿಯದೆ ಇಳಿದಳು, ಗೇಟಿನ ಸರಳುಗಳ ನಡುವೆ ಮುಖವಿಟ್ಟಳು.

"ನಿನ್ನ ಕುರ್ಚಿ ಎಲ್ಲಿ ಇರತೈತಿ?"

ಮೂಲೆಯ ಕೋಣೆಯ ಕಿಟಕಿ ತೋರಿಸಿದೆ. ಬಹಳ ಹೊತ್ತು ನೋಡಿದಳು. ಏನೋ ದೊಡ್ಡ ಮಾತು ಬರುತ್ತದೆಂದು ನಾನು ಕಾದೆ.

"ಕಿಡಕಿಗೆ ಜೇಡರ ಬಲಿ ಕಟ್ಟೈತಿ. ನಾಳಿ ಮೊದಲ ಅದನ್ನ ಝಾಡಸು" ಎಂದಳು ಅವ್ವ. ಕಾಕಾ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಅವರು ನಿಂತಿದ್ದು ನೆರಳಿನಲ್ಲಿ.

ಇಬ್ಬರನ್ನೂ ಊರಿಗೆ ಬಿಟ್ಟು ಅಥಣಿ ರಸ್ತೆಯ ಮನೆ ಮುಟ್ಟಿದಾಗ ಇನ್ನೂ ಹೊತ್ತು ಮುಳುಗಿರಲಿಲ್ಲ. ಗಾಡಿ ಹೇಗೆ ಓಡಿತೆಂದು ಕೇಳಲು ಈರಪ್ಪ ಗೇಟಿನ ಹತ್ತಿರ ಕಾಯುತ್ತಿದ್ದ. ಇಂಜಿನ್ ಮುಟ್ಟಿ ನೋಡಿದ, ಟಾಯರು ಒದ್ದು ನೋಡಿದ, ಹಿಂದಕ್ಕೆ ಹೋಗಿ ನಿಂತುಬಿಟ್ಟ.

"ಅಕ್ಕೋರ, ಇದ ಕಂಪನಿದಲ್ಲಲ್ರಿ!"

"ಅಲ್ಲ ಈರಪ್ಪಾ. ಉಳದದ್ದು ಏನ್ ಬೇಕಾದ್ರೂ ಬಿಚ್ಚು, ಅದನ್ನೊಂದ ಮುಟ್ಟಬ್ಯಾಡ" ಎಂದೆ.