ಪೂರಿಗಾಲಿಯ ಹನ್ನೆರಡು ಕುಡಿಕೆ

ಮನಶ್ಶಾಸ್ತ್ರ ಅಂದರೆ ಏನು ಅಂತ ನಮ್ಮ ಮದ್ದೂರಿನ ಬೀದಿಯಲ್ಲಿ ಆಗ ಯಾರಿಗೂ ಗೊತ್ತಿರಲಿಲ್ಲ. ಮೈಸೂರಿನ ಕಾಲೇಜೊಂದರಲ್ಲಿ ಅದನ್ನು ಪಾಠ ಹೇಳುವ ಕೆಲಸ ನನಗೆ ಸಿಕ್ಕಾಗ ನಮ್ಮ ತಾಯಿ ಪಕ್ಕದ ಮನೆಯವರಿಗೆ, "ಹುಚ್ಚು ಬಿಡಿಸೋದು ಹೇಳ್ಕೊಡ್ತಾನಂತೆ ಕಣ್ರೀ" ಎಂದು ವಿವರಿಸಿದ್ದರು. ನಾನು ತಿದ್ದಲು ಹೋಗಲಿಲ್ಲ. ತಿದ್ದಿ ಏನು ಹೇಳಬೇಕೆಂಬುದು ನನಗೂ ಗೊತ್ತಿದ್ದದ್ದು ಅಷ್ಟಕ್ಕಷ್ಟೇ. ಮೂವತ್ತರ ದಶಕದ ನಡುವಿನ ಮಾತು ಇದು. ನನಗೆ ಇಪ್ಪತ್ತಾರು ವರ್ಷ. ಕರಿ ಕೋಟು, ಜರಿಯಂಚಿನ ರುಮಾಲು, ಜೇಬಿನಲ್ಲಿ ಕಾಲೇಜಿನ ಸ್ಟಾಪ್‌ವಾಚು. ಬೇಕಿರಲಿ ಬೇಡದಿರಲಿ, ನಾಲ್ಕು ಜನರ ಎದುರು ಅದನ್ನು ತೆಗೆದು ಕಟಕ್ ಎನ್ನಿಸುವ ಚಾಳಿ ನನಗಿತ್ತು.

ನಮ್ಮ ವಿದ್ಯಾರ್ಥಿಗಳು ಒಬ್ಬೊಬ್ಬರೂ ಒಂದು ಪ್ರಶ್ನೆ ತರಬೇಕು, ಅದನ್ನು ಉಜ್ಜಿ ಉಜ್ಜಿ ನಿಜವಾಗಿ ಮಾಡಿ ನೋಡಬಹುದಾದ ಪ್ರಯೋಗವಾಗಿ ಇಳಿಸಬೇಕು, ಅದು ಕಾಲೇಜಿನ ನಿಯಮ. ನಮ್ಮ ಹಿರಿಯ ಪ್ರೊಫೆಸರರು ಮೂವರನ್ನು ನನ್ನ ಕೊರಳಿಗೆ ಕಟ್ಟಿದರು. "ನಿಮ್ಮ ಕಡೆಯವರೇ, ನೀವೇ ನೋಡ್ಕೊಳ್ಳಿ" ಎಂದರು. ಒಬ್ಬ ಮಂಡ್ಯದವನು, ಒಬ್ಬ ಮದ್ದೂರಿನವನು, ಇನ್ನೊಬ್ಬ ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯವನು.

ಮಂಡ್ಯದವನು ಕಚೇರಿಯ ಶಿರಸ್ತೇದಾರರ ಮಗ. ಇಸ್ತ್ರಿ ಮಾಡಿದ ಪಂಚೆಯಲ್ಲಿ ಬಂದು ಕೂತು, "ಆತ್ಮಕ್ಕೂ ಮನಸ್ಸಿಗೂ ಇರೋ ಅಂತರ ಎಷ್ಟು ಅಂತ ಕಂಡುಹಿಡೀಬೇಕು ಸಾರ್" ಎಂದ. "ಅಳೆಯೋದು ಹೇಗಪ್ಪ?" ಎಂದು ಕೇಳಿದೆ. "ಅಳೆಯೋದಕ್ಕೆ ತಾವಿದ್ದೀರಲ್ಲ ಸಾರ್" ಎಂದು ನನ್ನ ಜೇಬಿನ ಕಡೆ ನೋಡಿದ.

ಮದ್ದೂರಿನವನ ತಲೆಯಲ್ಲಿ ಕೊಕ್ಕರೆ ಬೆಳ್ಳೂರು ಕೂತಿತ್ತು. ಆ ಊರಿನವರಿಗೆ ಹಕ್ಕಿಗಳ ಮೇಲೆ ಅಷ್ಟು ಮಮತೆ ಯಾಕೆ ಎಂಬುದು ಅವನ ಪ್ರಶ್ನೆ. ದಿನಕ್ಕೆ ಎಷ್ಟು ಸಲ ಅವರು ತಲೆಯೆತ್ತಿ ಮರ ನೋಡುತ್ತಾರೋ ಅಷ್ಟು ಮಮತೆ, ಎಣಿಸಿಬಿಡ್ತೀನಿ ಎಂದ. "ಮೇಲಿಂದ ಹಿಕ್ಕೆ ಬಿದ್ದಾಗ ತಲೆ ಎತ್ತಿದ್ದನ್ನೂ ಮಮತೆಗೇ ಸೇರಿಸ್ತೀಯೇನಯ್ಯ?" ಎಂದೆ. ಅದನ್ನು ಎರಡು ದಿನ ಗಂಭೀರವಾಗಿ ಯೋಚಿಸಿಕೊಂಡು ಬಂದು, "ಹಾಗಾದ್ರೆ ಬೇಡ ಸಾರ್" ಎಂದ ಮಹಾನುಭಾವ.

ಪೂರಿಗಾಲಿಯವನು ಹಿಂದಿನ ಬೆಂಚಿನ ಹುಡುಗ. ಒಕ್ಕಲು ಮನೆತನ, ಮಾತು ಕಮ್ಮಿ. ಅವನು ತಂದದ್ದು ಇಷ್ಟೇ: "ನಮ್ಮಪ್ಪ ಬೆಲ್ಲದ ಪಾಕ ಹದಕ್ಕೆ ಬಂತಾ ಇಲ್ಲವಾ ಅನ್ನೋದನ್ನ ಬರೀ ವಾಸನೆಯಲ್ಲೇ ಹೇಳ್ತಾರೆ ಅಂತ ಊರೆಲ್ಲ ಅಂತದೆ ಸಾರ್. ನಿಜವಾ ಅಂತ ನೋಡ್ಬೇಕು."

ನನಗೆ ಕುಣಿಯುವಷ್ಟು ಸಂತೋಷವಾಯಿತು. ಆ ಸಂತೋಷದಲ್ಲಿ ಅವನು ಜೊತೆಗೆ ಹೇಳಿದ್ದನ್ನು ಅರ್ಧ ಮಾತ್ರ ಕೇಳಿಸಿಕೊಂಡೆ. ಅವನಿಗೆ ಇನ್ನೊಂದು ವರ್ಷದ ಓದು ಬಾಕಿ ಇತ್ತು. ಅವರಪ್ಪ, ಓದಿದ್ದು ಸಾಕು, ಊರಿಗೆ ಬಾ ಎನ್ನುತ್ತಿದ್ದರು. ಬೆಲ್ಲದ ಪ್ರಯೋಗ ಅಂದ ಮೇಲೆ ಮಾತ್ರ ಕೊಂಚ ಮೆತ್ತಗಾಗಿ, "ಅದೇನ್ ಕಲ್ತಿದ್ದೀಯೋ ನನ್ ಕಣ್ಮುಂದೆ ಮಾಡಿ ತೋರ್ಸು. ಸರಿ ಅನ್ಸಿದ್ರೆ ಓದು, ಇಲ್ದಿದ್ರೆ ಗದ್ದೆ ಅದೆ" ಎಂದಿದ್ದರಂತೆ. ನನಗೆ ಅದು ಪ್ರಯೋಗ. ಅವನಿಗೆ ಅದರ ಮೇಲೆ ಇಡೀ ಓದು ನಿಂತಿತ್ತು.

ಒಂದು ತಿಂಗಳು ಕೂತು ಪ್ರಯೋಗ ಕಟ್ಟಿದೆವು. ಒಂದೇ ಕೊಪ್ಪರಿಗೆಯಿಂದ ಎರಡು ಬಗೆಯ ಪಾಕ ತೆಗೆಯೋದು, ಹದದ್ದು ಒಂದು, ಹದ ಮೀರಿ ಸೀಯಲು ಹತ್ತಿದ್ದು ಇನ್ನೊಂದು. ಆರು ಕುಡಿಕೆ ಅದು, ಆರು ಕುಡಿಕೆ ಇದು. ಯಜಮಾನರ ಕಣ್ಣಿಗೆ ಬಟ್ಟೆ. ಬಿಸಿಯಲ್ಲಿ ಗುಟ್ಟು ಹೊರಬೀಳದಿರಲಿ ಅಂತ ಹನ್ನೆರಡನ್ನೂ ಒಲೆಯ ಬೂದಿಯ ಮೇಲೆ ಸಾಲಾಗಿ ಇಡೋದು. ಯಾವುದರ ಹಿಂದೆ ಯಾವುದು ಅನ್ನೋದಕ್ಕೆ ಚೀಟಿ ಎತ್ತೋದು. ಕುಡಿಕೆಯನ್ನು ಮಗ ಕೊಡಕೂಡದು, ಸುಳಿವು ಕೊಟ್ಟಾನು ಎಂದು ನಾನೇ ಕಡ್ಡಾಯ ಮಾಡಿದೆ. "ಓದು ಬರಹ ಇಲ್ಲದ, ಈ ಫಲಿತಾಂಶದಲ್ಲಿ ಯಾವ ಆಸಕ್ತಿಯೂ ಇಲ್ಲದ ಒಬ್ಬ ಆಳು ಕೊಡಲಿ" ಎಂದು ಹೇಳಿ, ಆ ವಾಕ್ಯ ಚೆನ್ನಾಗಿದೆಯೆನ್ನಿಸಿ ಇನ್ನೊಂದು ಸಲ ಹೇಳಿ ಬರೆಸಿದೆ.

ಸಂಕ್ರಾಂತಿ ರಜಕ್ಕೆ ನಾನು, ಮಂಡ್ಯದವನು, ಪೂರಿಗಾಲಿಯವನು ಮೂವರೂ ಮಳವಳ್ಳಿ ಬಸ್ಸು ಹಿಡಿದೆವು. ಬಸ್ಸು ಬಿಟ್ಟ ಮೇಲೆ ಎತ್ತಿನ ಗಾಡಿ. ಮಂಡ್ಯದವನು ಇಸ್ತ್ರಿ ಕೆಡದ ಹಾಗೆ ಗಾಡಿಯಲ್ಲಿ ನಿಂತೇ ಬಂದ. ಅವನಿಗೆ ಮಾಡಲು ಬೇರೆ ಕೆಲಸ ಇರಲಿಲ್ಲ, ಆತ್ಮದ ಅಂತರ ಇನ್ನೂ ಅಲ್ಲೇ ನಿಂತಿತ್ತು. ಅಂಕ ಬರೆದುಕೊಳ್ಳಲಿ ಅಂತ ಕರೆತಂದಿದ್ದೆ.

ಆಲೆಮನೆ ಕೆರೆಯ ಹಿಂದಿನ ಗದ್ದೆಯಲ್ಲಿತ್ತು. ಗಾಣ ಸುತ್ತುವ ಎತ್ತು, ಸೋಗೆಯ ಚಪ್ಪರ, ಕುದಿಯುವ ಕೊಪ್ಪರಿಗೆ. ಹುಡುಗನ ತಂದೆಯನ್ನು ಊರಲ್ಲಿ ಎಲ್ಲರೂ ಗೌಡರು ಅಂತಲೇ ಕರೆಯುತ್ತಿದ್ದರು. ಎತ್ತರದ ಆಳು, ಬೆಳ್ಳಗಿನ ಹುರಿಮೀಸೆ. "ಬನ್ನಿ ಮೇಷ್ಟ್ರೇ, ಕೂತ್ಕಳಿ" ಎಂದು ನನಗೊಂದು ಚಾಪೆ ಹಾಸಿಸಿ, ಕಬ್ಬಿನ ಹಾಲು ಕುಡಿಸಿ, ನಾವು ಬೇಯಿಸಿದ್ದು ನಿಮಗೆ ಆಗುತ್ತೋ ಇಲ್ಲವೋ ಅಂತ ಬಾಳೆಹಣ್ಣಿನ ಚಿಪ್ಪನ್ನೇ ಮುಂದಿಟ್ಟರು. ನಮ್ಮ ಮಡಿಗೆ ಭಂಗ ಬರದಂತೆ ಅವರೇ ನನಗಿಂತ ಹೆಚ್ಚು ಎಚ್ಚರ ವಹಿಸಿದರು. ಹಸಿವು ಮಾತ್ರ ನನ್ನದು.

ಮೂವತ್ತು ವರ್ಷದಿಂದ ಅದೇ ಒಲೆಯ ಮುಂದೆ ಇದ್ದ ಒಬ್ಬ ಮುದುಕನನ್ನು ಕುಡಿಕೆ ಕೊಡಲು ಆರಿಸಿದೆ. ಆಸಕ್ತಿ ಇಲ್ಲದ ಆಳು ಅಂತ ಬರೆದಿತ್ತಲ್ಲ, ಈತನೇ ಸರಿ ಎನ್ನಿಸಿತು. ಗೌಡರು ಕಲ್ಲಿನ ಜಗಲಿಯ ಮೇಲೆ ಕಣ್ಣು ಕಟ್ಟಿಸಿಕೊಂಡು ಕೂತರು. ಮಗ ಚೀಟಿ ಎತ್ತಿದ, ಮುದುಕ ಕುಡಿಕೆ ತಂದ, ನಾನು ಸ್ಟಾಪ್‌ವಾಚು ಕಟಕ್ ಎನ್ನಿಸಿದೆ. ಅದರ ಅಗತ್ಯ ಯಾರಿಗೂ ಇರಲಿಲ್ಲ.

ಗೌಡರು ಮೂಗಿನ ಹತ್ತಿರ ಹಿಡಿದು, "ಹದ" ಎಂದರು. ಸರಿ. "ಮೀರ್ಬುಟ್ಟದೆ." ಸರಿ. "ಇದೂ ಮೀರ್ಬುಟ್ಟದೆ." ಅದೂ ಸರಿ. ಹನ್ನೆರಡಕ್ಕೆ ಹನ್ನೆರಡು. ಸುತ್ತ ನಿಂತ ಊರಿನವರು ಹೌಹಾರಿ ಹೋದರು ಅಂತ ಬರೆಯಬೇಕೆಂದರೆ ಸುಳ್ಳಾಗುತ್ತದೆ. ಅವರಿಗೆ ಮೊದಲೇ ಗೊತ್ತಿತ್ತು ಅನ್ನುವ ಮುಖದಲ್ಲಿ ನಿಂತಿದ್ದರು. ಹೌಹಾರಿದವನು ನಾನೊಬ್ಬನೇ. ಗೌಡರು ಕಣ್ಣಿನ ಬಟ್ಟೆ ಬಿಚ್ಚಿ ನಕ್ಕರು. "ಪರ್ವಾಗಿಲ್ಲ ಕಣ್ಲಾ, ಏನೋ ಕಲ್ತಿದ್ದೀಯೆ. ಓದ್ಕೊ ಓಗು" ಎಂದುಬಿಟ್ಟರು. ನಾನು ಆಗಲೇ ಮನಸ್ಸಿನಲ್ಲಿ ವಿಲಾಯಿತಿಯ ಪತ್ರಿಕೆಗೆ ಲೇಖನ ಬರೆಯಲು ಕೂತಿದ್ದೆ.

ಸಂಜೆಗೆ ಪೂರಿಗಾಲಿಯವನು ಕೆರೆಯ ಏರಿಯ ಮೇಲೆ ನನ್ನನ್ನು ಒಬ್ಬನನ್ನೇ ಕರೆದುಕೊಂಡು ಹೋದ. ಮುಖ ಸಪ್ಪಗಿತ್ತು.

"ಸಾರ್, ನೀವು ಸದ್ದು ಕೇಳಿಸ್ಕೊಂಡ್ರಾ?"

"ಯಾವ ಸದ್ದು?"

"ಕುಡಿಕೆದು. ಹದದ್ದನ್ನ ನಮ್ಮ ತಾತ ಅಪ್ಪನ ಕೈಗೆ ಕೊಡ್ತಿತ್ತು. ಮೀರಿದ್ದನ್ನ ಪಕ್ಕದಲ್ಲಿ ಕಲ್ಲಿನ ಮೇಲೆ ಇಡ್ತಿತ್ತು. ಟಕ್ ಅಂತಿತ್ತು."

ಆ ಮುದುಕನನ್ನು ಅವನು ತಾತ ಅನ್ನುತ್ತಿದ್ದ. ಸೀದದ್ದು, ಕೆಟ್ಟದ್ದು, ಒಡೆದದ್ದು ಏನನ್ನೂ ಯಜಮಾನನ ಕೈಗೆ ನೇರವಾಗಿ ಕೊಡಬಾರದು ಅನ್ನೋದು ಆ ಮನೆಯ ಆಳುಗಳ ರೂಢಿ. ಪಕ್ಕದಲ್ಲಿ ಇಟ್ಟು ಹಿಂದೆ ಸರಿಯಬೇಕು. ಮುದುಕ ಮೋಸ ಮಾಡಿರಲಿಲ್ಲ. ಮೂವತ್ತು ವರ್ಷ ಮಾಡಿದ್ದನ್ನು ಮಾಡಿದ್ದ, ಅಷ್ಟೇ. ಒಂದು ತಿಂಗಳು ಕೂತು ಬಿಸಿ, ಬೂದಿ, ಚೀಟಿ ಅಂತ ನಾವು ಕಟ್ಟಿದ ಕೋಟೆಗೆ ಅವನನ್ನು ಕಾವಲಿಟ್ಟವನು ನಾನು.

ಆಗ ನಾನು ಹೇಳಿದ್ದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. "ನೋಡಯ್ಯ" ಎಂದೆ, "ನಿಮ್ಮಪ್ಪ ಒಪ್ಪಿದ್ದಾರೆ. ನಿನ್ನ ಓದು ಉಳೀತು. ಈಗ ಕೆದಕಿ ಎಲ್ಲರೆದುರು ಅವರ ಮರ್ಯಾದೆ ತೆಗೆದ್ರೆ ನಾಳೆಯಿಂದಲೇ ನೇಗಿಲು ಹಿಡಿಸ್ತಾರೆ. ಸುಮ್ಮನಿರು." ಅವನ ಒಳ್ಳೆಯದಕ್ಕೆ ಹೇಳಿದೆ ಅಂತ ಅವತ್ತು ನಂಬಿದ್ದೆ. ವಿಲಾಯಿತಿಯ ಪತ್ರಿಕೆಯ ಮಾತು ಎತ್ತಲಿಲ್ಲ. ಅವನು ಏರಿ ಇಳಿದು ಮನೆಗೆ ಹೋದ.

ಬೆಳಿಗ್ಗೆ ಆಲೆಮನೆಯಲ್ಲಿ ಎಲ್ಲರೂ ಇದ್ದಾಗಲೇ ಹೇಳಿಬಿಟ್ಟ. ಗೌಡರು ಕಬ್ಬು ಸವರುತ್ತಿದ್ದ ಕುಡುಗೋಲನ್ನು ಕೆಳಗಿಟ್ಟರು. ಗಾಣದ ಎತ್ತು ಮಾತ್ರ ಸುತ್ತುತ್ತಿತ್ತು.

"ಅಂಗಾರೆ ನಾನು ಸುಳ್ಳು ಯೋಳ್ದೆ ಅಂತೀಯೇನ್ಲಾ?"

"ನೀನ್ ಯೋಳ್ನಿಲ್ಲ ಕಣಪ್ಪ. ಕುಡಿಕೆ ಯೋಳ್ತು."

ಒಲೆಯ ಮುಂದಿನ ಮುದುಕ ಎದ್ದು ನಿಂತು, "ತಪ್ಪಾಯ್ತು ಗೌಡ್ರೇ" ಎಂದು ಅಳುವ ಹಾಗಾದ. ಗೌಡರು ಅವನಿಗೆ, "ನಿಂದೇನಿಲ್ಲ, ಕೂತ್ಕ" ಎಂದರು. ಆಮೇಲೆ ತಾವೇ ಹೋಗಿ ನಿನ್ನೆಯ ಬಟ್ಟೆ ಹುಡುಕಿ ತಂದು, "ಕಟ್ಲಾ" ಎಂದು ಮಗನ ಕೈಗೆ ಕೊಟ್ಟರು.

ಈ ಸಲ ಕುಡಿಕೆ ಕೊಟ್ಟವನು ಮಂಡ್ಯದವನು. ಅದು ಪೂರಿಗಾಲಿಯವನ ಏರ್ಪಾಡು. ಯಾವುದು ಹದ, ಯಾವುದು ಮೀರಿದ್ದು ಅಂತ ಕೊಡುವವನಿಗೇ ಗೊತ್ತಿರಬಾರದು ಸಾರ್ ಎಂದ. ಶಿರಸ್ತೇದಾರರ ಮಗನಿಗೆ ಪಾಕಕ್ಕೂ ಕಷಾಯಕ್ಕೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಅವನ ಅಜ್ಞಾನ ಶಾಸ್ತ್ರಕ್ಕೆ ಉಪಯೋಗ ಬಿದ್ದದ್ದು ಅದೇ ಮೊದಲು. ಕೊನೆಗೆ ಆತ್ಮಕ್ಕೆ ಒಂದು ಕೆಲಸ ಸಿಕ್ಕಿದವನಂತೆ ಎಲ್ಲ ಕುಡಿಕೆಯನ್ನೂ ಒಂದೇ ಭಕ್ತಿಯಿಂದ ಎರಡೂ ಕೈಯಲ್ಲಿ ಹಿಡಿದು ಕೊಟ್ಟ.

ಹನ್ನೆರಡರಲ್ಲಿ ಏಳು ಸರಿ. ಕಾಸು ಚಿಮ್ಮಿ ಹೇಳಿದ್ದರೂ ಆರು ಬರುತ್ತಿತ್ತು.

ಗೌಡರು ಬಟ್ಟೆ ಬಿಚ್ಚಿಕೊಂಡು ಈ ಸಲ ನಾನು ಅಂಕ ಗೀಚಿದ್ದ ಕಾಗದವನ್ನು, ಓದಲು ಬರದಿದ್ದರೂ, ಈಸಿಕೊಂಡು ನೋಡಿದರು. ಎದ್ದು ಹೋಗಿ ಕೆರೆಯಲ್ಲಿ ಮುಖ ತೊಳೆದು ಬಂದರು. ಕೊಪ್ಪರಿಗೆಯ ಮುಂದೆ ನಿಂತು ನೊರೆ ನೋಡಿ, ಎರಡು ಬೆರಳಲ್ಲಿ ಪಾಕ ಉರುಳಿಸಿ, "ಇಳ್ಸಿ" ಎಂದರು. ಅವತ್ತಿನ ಬೆಲ್ಲ ಎಂದಿನ ಹಾಗೇ ಬಂತು. ಓದಿನ ವಿಷಯ ಬಾಯಿ ಬಿಡಲಿಲ್ಲ. ಹುಡುಗ ದಿನವಿಡೀ ಕಬ್ಬು ಹೊತ್ತ. ಅವನನ್ನು ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಹೇಳಿದ ಮಾತು ಕೇಳಿದ್ದರೆ ಏನಾಗುತ್ತಿತ್ತು ಇವನಿಗೆ ಎಂದು ಒಳಗೇ ಬೈದುಕೊಂಡೆ.

ಮಾರನೆಯ ದಿನ ಗೌಡರೇ ಗಾಡಿ ಕಟ್ಟಿ ನಮ್ಮನ್ನು ಮಳವಳ್ಳಿ ಬಸ್ಸಿಗೆ ಬಿಟ್ಟರು. ಹುಡುಗನೂ ಬಂದಿದ್ದ, ಆದರೆ ಬರಿಗೈಯಲ್ಲಿ. ನಮ್ಮನ್ನು ಹತ್ತಿಸಿ ಅಪ್ಪನ ಜೊತೆ ವಾಪಸ್ಸು ಹೋಗುತ್ತಾನೆ ಅಂದುಕೊಂಡಿದ್ದೆ. ಬಸ್ಸಿನ ಗಂಟೆ ಹೊಡೆದಾಗ ಗೌಡರು ಗಾಡಿಯ ಹುಲ್ಲಿನೊಳಗಿಂದ ಅವನ ಟ್ರಂಕು ಎಳೆದು ತೆಗೆದರು.

"ಬಸ್ಸು ಅತ್ತು ಕಣ್ಲಾ. ಏನ್ ನೋಡ್ತಾ ನಿಂತ್ಕಂಡಿದ್ದೀಯೆ?" ಎಂದರು. ಹುಡುಗ ಅವರ ಕಾಲು ಮುಟ್ಟಲು ಬಗ್ಗಿದ, ಅವರು "ಬುಡು ಬುಡು" ಎಂದು ಭುಜ ಹಿಡಿದು ಬಸ್ಸಿಗೆ ತಳ್ಳಿದರು. ನನ್ನ ಕಿಟಕಿಯ ಹತ್ತಿರ ಬಂದು ದನಿ ತಗ್ಗಿಸಿದರು.

"ಮೂವತ್ತು ವರ್ಸದಿಂದ ನಮ್ಮ ಆಲೆಮನೇಲಿ ನಂಗೆ ಯಾರೂ ತಪ್ಪು ಅಂದಿಲ್ಲ ಮೇಷ್ಟ್ರೇ. ಎಲ್ಲಾ ಕುಡಿಕೆ ನೋಡ್ಕಂಡು ಇಡೋರೇ. ಇವ್ನು ಅಂದ. ಇಂತಾವ್ನು ಓದ್ಬೇಕು." ಕಿಟಕಿಗೆ ಇನ್ನಷ್ಟು ಬಗ್ಗಿದರು. "ನೀವು ಸುಮ್ಕಿರು ಅಂದ್ರಂತೆ?"

ನಾನು ಜೇಬಿನ ಮೇಲೆ ಕೈಯಾಡಿಸಿದೆ. ಮಂಡ್ಯದವನು ಎಂದೂ ಇಲ್ಲದ ಆಸಕ್ತಿಯಿಂದ ಹೊರಗಿನ ಹುಣಸೆಮರ ನೋಡತೊಡಗಿದ.

"ಇರ್ಲಿ ಬುಡಿ. ಇವ್ನು ಇನ್ನೊಂದ್ ವರ್ಸ ನಿಮ್ತಾವೇ ಇರ್ತಾನೆ. ಕಲ್ತ್ಕಳಿ" ಎಂದರು. ಬಾಳೆ ಎಲೆಯಲ್ಲಿ ಸುತ್ತಿದ ಬೆಲ್ಲದ ಅಚ್ಚೊಂದನ್ನು ಕಿಟಕಿಯಿಂದ ಒಳಗೆ ಚಾಚಿದರು. ನಾನು ಎರಡೂ ಕೈ ಒಡ್ಡಿದೆ. ಅವರು ನನ್ನ ಕೈಗೆ ಕೊಡದೆ, ಪಕ್ಕದ ಹಲಗೆಯ ಮೇಲೆ ಟಕ್ ಅಂತ ಇಟ್ಟು ಹಿಂದೆ ಸರಿದರು. ಮೀಸೆಯೊಳಗೆ ನಗುತ್ತಿದ್ದರೋ ಇಲ್ಲವೋ, ಬಸ್ಸು ಹೊರಟುಬಿಟ್ಟಿತು.

ಮದ್ದೂರಿಗೆ ಬಂದು ಎಲೆ ಬಿಚ್ಚಿದಾಗ ನಮ್ಮ ತಾಯಿ ಒಂದು ಚೂರು ಬಾಯಿಗೆ ಹಾಕಿಕೊಂಡು, "ಎಂಥ ಪಸಂದಾದ ಬೆಲ್ಲ, ಹದ ಅಂದರೆ ಇದು. ಯಾರು ಕೊಟ್ಟರೋ?" ಎಂದರು. ಬೆಲ್ಲ ಕೆಟ್ಟಿದ್ದಕ್ಕೇ ಗೌಡರು ಕೈಗೆ ಕೊಡಲಿಲ್ಲ ಎಂದು ಅದರ ಮೇಲೆ ತಪ್ಪು ಹೊರಿಸುವ ದಾರಿಯೂ ಅಲ್ಲಿಗೆ ಮುಚ್ಚಿತು. "ನನ್ನ ವಿದ್ಯಾರ್ಥಿಯ ತಂದೆ" ಎಂದು ಹೇಳಿ, ಸ್ಟಾಪ್‌ವಾಚು ಜೇಬಿನಿಂದ ತೆಗೆದು ಪೆಟ್ಟಿಗೆಯಲ್ಲಿಟ್ಟು ಕೈಕಾಲು ತೊಳೆಯಲು ಹೋದೆ.