ಕಳಚಿಬಿದ್ದ ಎಡಗಾಲಿ

ಐವತ್ತರ ದಶಕದಲ್ಲಿ, ಮೈಸೂರಿನಿಂದ ಮುಂಬಯಿಗೆ ಬಂದ ಹೊಸತರಲ್ಲಿ, ನನಗೆ ಪಶ್ಚಿಮ ಉಪನಗರದ ಒಂದು ಸಣ್ಣ ವಿಮಾನ ನಿಲ್ದಾಣದ ಟವರಿನಲ್ಲಿ ಸಹಾಯಕನ ಕೆಲಸ ಸಿಕ್ಕಿತು. ಘಾಟ್ಕೋಪರಿನ ಚಾಳಿನಿಂದ ಹೊರಟು, ದಾದರಿನಲ್ಲಿ ಲೋಕಲ್ ಬದಲಿಸಿ, ಸ್ಟೇಷನ್ನಿನಿಂದ ನಡೆದು ಹೋಗುತ್ತಿದ್ದೆ. ಟವರ್ ಅಂದರೆ ಕಡಿದಾದ ಮೆಟ್ಟಿಲು ಹತ್ತಿ ಸೇರುವ, ಸುತ್ತಲೂ ಗಾಜು ಹಾಕಿದ ಒಂದು ಕೋಣೆ. ನಮ್ಮಲ್ಲಿ ಹಾರುತ್ತಿದ್ದುದು ಹೆಚ್ಚಾಗಿ ಕಲಿಯುವವರ ಎರಡು ಸೀಟಿನ ವಿಮಾನಗಳು. ಅವುಗಳಲ್ಲಿ ರೇಡಿಯೋ ಇರಲಿಲ್ಲ. ಟವರಿನಿಂದ ದೀಪ ಹಿಡಿದೇ ಮಾತಾಡಬೇಕು. ಹಸಿರು ತೋರಿಸಿದರೆ ಇಳಿಯಬಹುದು. ಕೆಂಪು ತೋರಿಸಿದರೆ ಇಳಿಯದೆ ಸುತ್ತುತ್ತಿರಬೇಕು. ಕಂಡಿತು ಎನ್ನಲು ಅವರು ರೆಕ್ಕೆ ಅಲ್ಲಾಡಿಸುತ್ತಿದ್ದರು.

ನನ್ನ ಮೇಲಿನ ಅಧಿಕಾರಿ ಮಂಗಳೂರಿನವರು. ಗಡಿಬಿಡಿಯಾದಷ್ಟೂ ಅವರ ದನಿ ತಗ್ಗುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಧಾರವಾಡದ ಕಡೆಯ ಒಬ್ಬ ಹುಡುಗಿ ಒಬ್ಬಳೇ ವಿಮಾನ ಹತ್ತಿದಳು. ದಾದರಿನಲ್ಲಿ ವಕೀಲಿ ಮಾಡುತ್ತಿದ್ದವರೊಬ್ಬರ ಮಗಳು. ಗುರುವಿಲ್ಲದೆ ಹಾರಲು ಅವಳಿಗೆ ಆಗಷ್ಟೇ ಅನುಮತಿ ಸಿಕ್ಕಿತ್ತು. ವಿಮಾನ ಓಡಿ ನೆಲ ಬಿಟ್ಟಿತು. ಅದರ ಹಿಂದೆಯೇ ಏನೋ ಕಪ್ಪಗಿನದು ಉರುಳುತ್ತಾ ಹೋಗಿ ಹುಲ್ಲಿನಲ್ಲಿ ಬಿತ್ತು.

ಅಧಿಕಾರಿಗಳು ದುರ್ಬೀನು ಕಣ್ಣಿಗಿಟ್ಟರು. "ಎಡಗಡೆಯ ಚಕ್ರ ಮಾರಾಯ್ರೆ," ಎಂದರು ಮೆಲ್ಲಗೆ. "ಅವಳಿಗೆ ಗೊತ್ತೇ ಇಲ್ಲ."

ಅವಳು ಸಮುದ್ರದ ಕಡೆಗೊಂದು ಸುತ್ತು ಹಾಕಿ ಇಳಿಯಲು ಬಂದಳು. ನಾನು ಕೆಂಪು ಹಿಡಿದೆ. ರೆಕ್ಕೆ ಅಲ್ಲಾಡಿಸಿ ಮೇಲೇರಿದಳು. ಸುತ್ತಿ ಬಂದಳು, ಮತ್ತೆ ಕೆಂಪು. ಹೀಗೆ ಎಷ್ಟು ಹೊತ್ತು ಸುತ್ತಿಸುವುದು? ಎಣ್ಣೆ ಮುಗಿದ ಮೇಲೆ ಇಳಿಯಲೇಬೇಕು. ಚಕ್ರ ಇಲ್ಲವೆಂದು ತಿಳಿಯದೆ ಎರಡೂ ಕಾಲೂರಿದರೆ ವಿಮಾನ ಮಗುಚಿಕೊಳ್ಳುತ್ತಿತ್ತು. ಅದನ್ನು ಹೇಳುವ ಬಣ್ಣ ನಮ್ಮ ದೀಪದಲ್ಲಿರಲಿಲ್ಲ.

"ನೀವು ಕೆಳಗೆ ಹೋಗಿ. ಆ ಚಕ್ರವನ್ನೇ ಎತ್ತಿ ತೋರಿಸಿ," ಎಂದರು ಅಧಿಕಾರಿಗಳು. "ದೀಪ ನಾನು ನೋಡಿಕೊಳ್ತೇನೆ."

ಓಡಿದೆ. ಚಕ್ರ ಹುಡುಕಿ, ರನ್‌ವೇ ಅಂಚಿಗೆ ತಂದು, ಬರುತ್ತಿದ್ದ ವಿಮಾನಕ್ಕೆ ಎದುರಾಗಿ ನಿಂತು ಎಡಗೈಯಲ್ಲಿ ಎತ್ತಿ ಹಿಡಿದೆ. ಆಗ ಟವರಿನ ಗಾಜಿನ ಕೋಣೆಯ ಹೊರಗಿನ ಕಟಕಟೆಯಿಂದ, ಕೆಂಪು ದೀಪ ಹಿಡಿದುಕೊಂಡೇ, ಅಧಿಕಾರಿಗಳು ಕೂಗಿದರು. ಅವರು ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಬೆನ್ನು ಹಾಕಿ ನಿಲ್ಲಿ! ಇಲ್ಲದಿದ್ರೆ ನಿಮ್ಮ ಎಡ ಅವಳಿಗೆ ಬಲ ಆಗ್ತದೆ!"

ತಿರುಗಿದೆ. ಚಕ್ರ ಹಿಡಿದ ಎಡಗೈಯನ್ನು ಆದಷ್ಟು ಆಚೆಗೆ ಚಾಚಿದೆ. ಹಿಂದಿನಿಂದ ಇಂಜಿನ್ ಸದ್ದು ದೊಡ್ಡದಾಗುತ್ತಾ ಬಂತು. ವಿಮಾನ ಎಷ್ಟು ಕೆಳಗಿದೆ, ಎಲ್ಲಿದೆ, ಒಂದೂ ಕಾಣದು. ಕುತ್ತಿಗೆ ತಾನಾಗಿಯೇ ಕುಗ್ಗಿತು. ಆದರೂ ಕೈ ಇಳಿಸಲಿಲ್ಲ. ಗಾಳಿ ಬೀಸಿ, ನೆರಳು ನನ್ನನ್ನು ದಾಟಿತು. ತಲೆಯೆತ್ತಿ ನೋಡಿದಾಗ ರೆಕ್ಕೆಗಳು ಜೋರಾಗಿ ಅಲ್ಲಾಡುತ್ತಿದ್ದವು. ತಿಳಿಯಿತು ಅವಳಿಗೆ.

ಆಮೇಲಿನದು ಅವಳ ಕೆಲಸ. ಇಳಿಯುವಾಗ ಬೆಂಕಿ ಹೊತ್ತಿಕೊಳ್ಳದಿರಲೆಂದು ಎಣ್ಣೆ ಕರಗುವವರೆಗೂ ಸುತ್ತಿದಳು. ಆ ಹೊತ್ತಿಗೆ ಬೆಂಕಿ ಆರಿಸುವ ಗಾಡಿ ಹುಲ್ಲಿನ ಪಕ್ಕ ಬಂದು ನಿಂತಿತ್ತು. ಅಧಿಕಾರಿಗಳು ಹಸಿರು ಹಿಡಿದರು. ಬಲಕ್ಕೆ ವಾಲಿಸಿಕೊಂಡು ಒಂದೇ ಚಕ್ರದ ಮೇಲೆ ಹುಲ್ಲಿಗಿಳಿದಳು. ವೇಗ ತಗ್ಗಿದಾಗ ಎಡ ಮಗ್ಗುಲು ಕುಸಿದು, ರೆಕ್ಕೆ ನೆಲ ಕೆರೆದು, ವಿಮಾನ ಗಿರ್ರನೆ ತಿರುಗಿ ನಿಂತಿತು. ಮೂತಿಯ ಪಂಖ ಮುರಿಯಿತು. ಅವಳು ತಾನೇ ಸೀಟಿನ ಪಟ್ಟಿ ಬಿಚ್ಚಿ ಹೊರಗೆ ಹಾರಿ, ನಮ್ಮತ್ತ ಓಡಿಬಂದಳು. ಹಣೆಯಲ್ಲೊಂದು ಬುಗುಟು ಎದ್ದಿತ್ತು, ಅಷ್ಟೆ.

ನಾನಿನ್ನೂ ಚಕ್ರ ಹಿಡಿದೇ ನಿಂತಿದ್ದೆ.

"ಸಾಹೇಬ್ರು ಕನ್ನಡದಾಗ ಕೂಗಿದ್ದು ನನಗ ಕೇಳಿಸ್ಲಿಲ್ರೀ, ಅಷ್ಟು ಮ್ಯಾಲಿದ್ದೆ," ಎಂದು ನಕ್ಕಳು, ನಾನು ನಡೆದದ್ದನ್ನು ಹೇಳಿದಾಗ. "ಮೊದ್ಲ ಎದುರು ನಿಂತಿದ್ರಲ್ಲ, ಆಗ ಬಲಗಡೇದು ಹೋಗೇತಿ ಅಂದ್ಕೊಂಡಿದ್ದೆ. ಆಮ್ಯಾಲೆ ತಿರುಗಿದ್ರಿ. ಏಕ್‌ದಮ್ ತಿಳೀತು." ನಗುತ್ತಲೇ ಹುಲ್ಲಿನ ಮೇಲೆ ಕುಳಿತು ಅತ್ತುಬಿಟ್ಟಳು. ಅಧಿಕಾರಿಗಳು ಇಳಿದುಬಂದು ಅವಳಿಗೆ ಚಹಾ ತರಿಸಿದರು.

ಚಕ್ರವನ್ನು ಹಿಡಿದಿಡುವ ಪಿನ್ನು ತುಂಡಾಗಿತ್ತೆಂದು ವಿಚಾರಣೆಯಲ್ಲಿ ಗೊತ್ತಾಯಿತು. ವಿಮಾನ ಹೊರಡುವ ಮುನ್ನ ರಿಪೇರಿಯ ಮಿಸ್ತ್ರಿ ಒಂದೊಂದೇ ಚಕ್ರ ಅಲ್ಲಾಡಿಸಿ ನೋಡಬೇಕೆಂಬ ನಿಯಮ ಬಂತು. ಅವಳ ತಂದೆ ಹಾರಾಟ ಬಿಡಿಸಲು ನೋಡಿದರಂತೆ. ಮಳೆಗಾಲ ಕಳೆದ ಮೇಲೆ ಅವಳು ಅವರನ್ನೇ ಕರೆದುಕೊಂಡು ಬಂದಳು. ಅವರು ಕೊಡೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಬೇಲಿಯ ಬಳಿ ನಿಂತು ಮಗಳು ಹಾರುವುದನ್ನು ನೋಡಿದರು.

ಅಲ್ಲಿಂದ ಮುಂದೆ ನಮ್ಮ ಅಧಿಕಾರಿಗಳು ಹೊಸದಾಗಿ ಕಲಿಯಲು ಬಂದ ಪ್ರತಿಯೊಬ್ಬರನ್ನೂ ಮೊದಲ ದಿನವೇ ಟವರಿಗೆ ಹತ್ತಿಸಿ, ಕಿಟಕಿಯ ಬಳಿ ನಿಲ್ಲಿಸುತ್ತಿದ್ದರು. "ನೀವು ಮೇಲಿರುವಾಗ ನಿಮಗೆ ಕಾಣದ್ದು ನಮಗೆ ಇಲ್ಲಿಂದ ಕಾಣ್ತದೆ," ಎನ್ನುತ್ತಿದ್ದರು. "ನಮ್ಮ ಕಡೆ ಆಗಾಗ ನೋಡ್ತಾ ಇರಿ."